ಫಾತಿಮಾನಾ, ಆಯಿಶಾನಾ, ನೂರಾ? ಮಗಳಿಗೆ ಅರಬಿ ಹೆಸರು ಹುಡುಕುವವರಿಗೆ

ತಮ್ಮನಿಗೆ ಹೆಣ್ಣು ಮಗು ಹುಟ್ಟಿ ನಾಲ್ಕು ದಿನ ಆಗಿತ್ತು. ಏಳನೇ ದಿನ ಅಖೀಖಾ. ಮಗುವಿನ ತಲೆಗೂದಲು ತೆಗೆಸಬೇಕು, ಆಡು ಕೊಯ್ಯಬೇಕು, ಹೆಸರಿಡಬೇಕು. ಆಡು ಗೊತ್ತು ಮಾಡಿ ಆಗಿತ್ತು. ಹೆಸರು ಮಾತ್ರ ಇನ್ನೂ ಇಲ್ಲ.

ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೂವತ್ತಕ್ಕೂ ಜಾಸ್ತಿ ಹೆಸರು ಬಂದು ಬಿದ್ದಿದ್ದವು. ದಮ್ಮಾಮ್‌ನಲ್ಲಿರುವ ತಮ್ಮ ಒಂದು ಹೆಸರು ಕಳಿಸುತ್ತಾನೆ, ಇಲ್ಲಿ ಬಾಣಂತಿ ಕೋಣೆಯಿಂದ ಅವನ ಹೆಂಡತಿ ಬೇಡ ಅನ್ನುತ್ತಾಳೆ. ಉಮ್ಮನದು ಒಂದೇ ಹಟ: "ಫಾತಿಮಾ ಅಂತ ಇಡಿ, ಮುಗೀತು." ನಮ್ಮ ಕುಟುಂಬದಲ್ಲಿ ಈಗಲೇ ಮೂವರು ಫಾತಿಮಾ ಇದ್ದಾರೆ. ಮದುವೆ ಮನೆಯಲ್ಲಿ ಒಬ್ಬಳನ್ನು ಕರೆದರೆ ಮೂವರೂ ತಿರುಗುತ್ತಾರೆ.

ನನಗೆ ಒಂದಿಷ್ಟು ಅರಬಿ ಬರುತ್ತದೆ. ಹಾಗಾಗಿ ನೆಂಟರಲ್ಲಿ ಯಾರಿಗೆ ಹೆಣ್ಣು ಮಗು ಆದರೂ ನನಗೊಂದು ಫೋನ್ ಬರುತ್ತದೆ. "ಅಕ್ಕಾ, ಈ ಹೆಸರಿಗೆ ಅರ್ಥ ಎಂಥದು?" ಎಲ್ಲರೂ ಕೇಳುವುದು ಅರ್ಥ ಒಂದನ್ನೇ. ಅರ್ಥ ಬೇಕು, ಸರಿ. ಆದರೆ ಹೆಸರು ಓಡಾಡುವುದು ಪಕ್ಕದ ಮನೆಯವರ ಬಾಯಲ್ಲಿ, ಟೀಚರ್ ಕೈಯ ಹಾಜರಿ ಪುಸ್ತಕದಲ್ಲಿ, ಪಾಸ್‌ಪೋರ್ಟಿನಲ್ಲಿ. ಅಲ್ಲೆಲ್ಲ ಅದು ಹೇಗೆ ನಿಲ್ಲುತ್ತದೆ ಅಂತಲೂ ನೋಡಬೇಕು, ಅಲ್ವಾ?

ಮೊದಲು ಏನೇನು ನೋಡಬೇಕು

ಒಂದು, ಬೇರು. ಅರಬಿಯ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಒಂದು ಬೇರಿನಿಂದ ಹುಟ್ಟುತ್ತವೆ. ಬೇರು ಗೊತ್ತಾದರೆ ಅರ್ಥ ನಿಜವೋ ಯಾರೋ ಕಟ್ಟಿದ್ದೋ ತಿಳಿಯುತ್ತದೆ. ನೆಟ್‌ನಲ್ಲಿ ಸಿಗುವ ಪಟ್ಟಿಗಳಲ್ಲಿ ಎಲ್ಲ ಹೆಸರಿಗೂ "ಸ್ವರ್ಗದ ಹೂವು", "ರಾಜಕುಮಾರಿ" ಅಂತ ಬರೆದಿರುತ್ತಾರೆ. ನಂಬಬೇಡಿ. ಝೋಯಾ ಅನ್ನುವ ಹೆಸರನ್ನೇ ನೋಡಿ. ನಮ್ಮಲ್ಲಿ ಎಷ್ಟೋ ಜನ ಅದನ್ನು ಅರಬಿ ಅಂದುಕೊಂಡೇ ಇಟ್ಟಿದ್ದಾರೆ. ಅದು ಗ್ರೀಕ್ ಪದ, ಬದುಕು ಅಂತ ಅರ್ಥ, ರಷ್ಯದಲ್ಲಿ ಚಾಲ್ತಿಗೆ ಬಂದ ಹೆಸರು. ಇಡಬಾರದು ಅಂತಲ್ಲ. ಗೊತ್ತಿದ್ದು ಇಡಿ, ಅಷ್ಟೇ.

ಎರಡು, ಆ ಹೆಸರನ್ನು ಹಿಂದೆ ಹೊತ್ತವರು ಯಾರು. ಅರಬಿ ಹೆಸರುಗಳಲ್ಲಿ ಇದರ ತೂಕ ಅರ್ಥಕ್ಕಿಂತ ಜಾಸ್ತಿ.

ಮೂರು, ಬಾಯಿ. ನಮ್ಮ ಅಜ್ಜಿಯ ಹೆಸರು ನಫೀಸಾ. ಬೆಲೆಬಾಳುವವಳು ಅಂತ ಅರ್ಥ. ಜೀವಮಾನದಲ್ಲಿ ಒಬ್ಬರೂ ಅವರನ್ನು ಹಾಗೆ ಕರೆದದ್ದಿಲ್ಲ. ಕರಾವಳಿಯ ಬ್ಯಾರಿ ಮನೆಗಳಲ್ಲಿ ನಫೀಸಾ ನೆಬಿಸಾ ಆಗುತ್ತದೆ, ಆಯಿಶಾ ಐಸಮ್ಮ ಆಗುತ್ತದೆ, ಫಾತಿಮಾ ಪಾತುಮ್ಮ ಆಗುತ್ತದೆ. ಫ ಇದ್ದಲ್ಲಿ ಪ, ಝ ಇದ್ದಲ್ಲಿ ಜ, ಖ ಇದ್ದಲ್ಲಿ ಕ ಬರುವುದು ಗ್ಯಾರಂಟಿ. ಹಾಗೆ ಬದಲಾದ ಮೇಲೂ ಹೆಸರು ಕಿವಿಗೆ ಹಿತವಾಗಿದೆಯಾ ಅಂತ ಒಮ್ಮೆ ಜೋರಾಗಿ ಕೂಗಿ ನೋಡಿ.

ನಾಲ್ಕು, ಕಾಗದ. ಐದು, ಜನಸಂದಣಿ, ಅಂದರೆ ಅದೇ ಹೆಸರಿನವರು ಸುತ್ತ ಎಷ್ಟು ಮಂದಿ ಇದ್ದಾರೆ ಅನ್ನೋದು. ಇಂಗ್ಲೆಂಡಿನಲ್ಲಿ ಪ್ರತಿವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಅಂತ ಸರ್ಕಾರವೇ ಲೆಕ್ಕ ಕೊಡುತ್ತದೆ. ನಮ್ಮಲ್ಲಿ ನಿಮ್ಮ ಊರಿನ ಅಂಗನವಾಡಿ, ಮದರಸಾ ಹಾಜರಿ ಪುಸ್ತಕವೇ ಲೆಕ್ಕ. ಅಲ್ಲಿ ಕೇಳಿ.

ಇನ್ನೊಂದು ಕೆಲಸ. ಹೆಸರನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಇಂಗ್ಲಿಷ್‌ನಲ್ಲಿ ಆಮೇಲೆ. ಅರಬಿಯಲ್ಲಿ ದೀರ್ಘ ಹೋಗಿ ಹ್ರಸ್ವ ಆದರೆ ಪದವೇ ಬೇರೆ ಆಗಿಬಿಡುತ್ತದೆ. ಕನ್ನಡ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಇಂಗ್ಲಿಷ್ ಎಲ್ಲವನ್ನೂ ಒಂದೇ ಎ ಅಕ್ಷರದಲ್ಲಿ ನುಂಗಿಬಿಡುತ್ತದೆ. ಇದು ಎಲ್ಲಿ ಕೈಕೊಡುತ್ತದೆ ಅಂತ ಅಮೀನಾ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಫಾತಿಮಾ

ಇದರ ಬೇರಿಗೆ ಮಗುವಿಗೆ ಎದೆಹಾಲು ಬಿಡಿಸುವುದು ಅಂತ ಅರ್ಥ. ಇದನ್ನು ಹೇಳಿದ ಕೂಡಲೇ ಕೇಳಿದವರ ಮುಖ ಸಪ್ಪೆಯಾಗುತ್ತದೆ. ಇಷ್ಟೇನಾ? ನಾನು ಅದನ್ನು ಹೀಗೆ ನೋಡುತ್ತೇನೆ: ಹಾಲು ಬಿಟ್ಟ ಮಗು ಅಂದರೆ ಮೊದಲ ಎರಡು ವರ್ಷದ ಗಂಡಾಂತರ ದಾಟಿ ನಿಂತ ಮಗು. ಆ ಕಾಲದ ತಾಯಂದಿರಿಗೆ ಅದು ಸಣ್ಣ ಮಾತಾಗಿರಲಿಕ್ಕಿಲ್ಲ.

ಆದರೆ ನಿಜ ಹೇಳಬೇಕೆಂದರೆ ಈ ಹೆಸರನ್ನು ಅರ್ಥ ನೋಡಿ ಇಟ್ಟವರು ಯಾರೂ ಇಲ್ಲ. ಪ್ರವಾದಿಯವರ ಮಗಳು, ಅಲಿಯವರ ಹೆಂಡತಿ, ಹಸನ್ ಹುಸೇನರ ತಾಯಿ. ಅಷ್ಟು ಸಾಕು. 909ರಲ್ಲಿ ಉತ್ತರ ಆಫ್ರಿಕಾದಲ್ಲಿ ಎದ್ದು, 969ರಲ್ಲಿ ಕೈರೋ ನಗರ ಕಟ್ಟಿದ ರಾಜಮನೆತನ ತನ್ನನ್ನು ಫಾತಿಮಿ ಅಂತ ಕರೆದುಕೊಂಡದ್ದು ಇವರ ಹೆಸರಿನಿಂದಲೇ. ಪೋರ್ಚುಗಲ್‌ನಲ್ಲಿ ಫಾತಿಮಾ ಅಂತ ಒಂದು ಊರೇ ಇದೆ. 1917ರಲ್ಲಿ ಅಲ್ಲಿ ಮೂವರು ಮಕ್ಕಳಿಗೆ ಮೇರಿ ಮಾತೆ ಕಾಣಿಸಿಕೊಂಡರು ಅನ್ನುವ ನಂಬಿಕೆಯಿಂದ ಕ್ಯಾಥೊಲಿಕರಿಗೂ ಇದು ಪವಿತ್ರ ಹೆಸರಾಯಿತು. ಟರ್ಕಿಯಲ್ಲಿ ಫಾತ್ಮಾ, ಇರಾನ್‌ನಲ್ಲಿ ಫಾತೆಮೆ, ಸೆನೆಗಲ್‌ನಲ್ಲಿ ಫಾತು, ಸೊಮಾಲಿಯಾದಲ್ಲಿ ಫಾದುಮೊ. ನಮ್ಮಲ್ಲಿ ಪಾತುಮ್ಮ, ಬೀಪಾತುಮ್ಮ. ಇಷ್ಟು ಊರಿನ ಬಾಯಿಗೆ ಒಗ್ಗಿದ ಹೆಣ್ಣು ಹೆಸರು ಹುಡುಕಿದರೂ ಸಿಗುವುದು ಕಷ್ಟ.

ದಕ್ಷಿಣ ಕನ್ನಡ, ಕಾಸರಗೋಡು ಕಡೆ ಫಾತಿಮತ್, ಆಯಿಶತ್ ಅಂತ ಬರೆಯುತ್ತಾರಲ್ಲ, ಅದು ತಪ್ಪಲ್ಲ. ಅರಬಿಯಲ್ಲಿ ಈ ಹೆಸರುಗಳ ಕೊನೆಯ ಅಕ್ಷರಕ್ಕೆ ಎರಡು ಬುದ್ಧಿ. ಅಲ್ಲಿಗೇ ನಿಲ್ಲಿಸಿದರೆ ಹ ಥರ ಉಸಿರಾಗಿ ಹೋಗುತ್ತದೆ, ಮುಂದಿನ ಪದಕ್ಕೆ ಜೋಡಿಸಿದರೆ ತ ಆಗುತ್ತದೆ. ಬೇರೆ ಕಡೆಯವರು ಹ ಹಿಡಿದರು, ನಮ್ಮ ಕಡೆಯವರು ತ ಹಿಡಿದರು. ದಕ್ಷಿಣದವರ ಇನ್ನೊಂದು ಗುರುತು ಇಂಗ್ಲಿಷ್‌ನ ಟಿ ಪಕ್ಕದ ಎಚ್. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದ ಕೇರಳದ ಫಾತಿಮಾ ಬೀವಿಯವರ ಹೆಸರಿನಲ್ಲಿ ಆ ಎಚ್ ಇದೆ. ಉತ್ತರದವರು ಬರೆಯುವಾಗ ಇರುವುದಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಎಲ್ಲ ಕಾಗದದಲ್ಲೂ ಒಂದೇ ಇರಲಿ.

ಇದರ ಒಂದೇ ತೊಂದರೆ ಜನಸಂದಣಿ. ಅದಕ್ಕೆ ಈಗ ಜೋಡಿ ಹೆಸರಿನ ದಾರಿ ಹುಡುಕಿದ್ದಾರೆ: ಫಾತಿಮಾ ಹಿಬಾ, ಫಾತಿಮಾ ರಿದಾ. ಹಿಬಾ ಅಂದರೆ ಕೊಡುಗೆ, ರಿದಾ ಅಂದರೆ ಸಂತೃಪ್ತಿ. ಮೊದಲನೆಯದು ಅಜ್ಜಿಗೆ, ಎರಡನೆಯದು ಕರೆಯಲಿಕ್ಕೆ. ಕೇಳಲು ಚೆಂದ. ಶಾಲೆಗೆ ಸೇರಿಸಿದ ಮೇಲೆ ನೋಡಿ. ಟೀಚರ್ ಮೊದಲ ಪದ ಮಾತ್ರ ಓದುತ್ತಾರೆ. ಮನೆಯಲ್ಲಿ ಹಿಬಾ ಆಗಿದ್ದವಳು ಕ್ಲಾಸಿನಲ್ಲಿ ಫಾತಿಮಾ ಎಚ್, ಪಕ್ಕದ ಬೆಂಚಿನವಳು ಫಾತಿಮಾ ಆರ್. ಕರೆಯುವ ಹೆಸರು ಮುಂದೆ ಬರಲಿ, ಹಿಬಾ ಫಾತಿಮಾ ಅಂತ. ಅಜ್ಜಿಯ ಹತ್ತಿರ ನೀವೇ ಮಾತಾಡಿಕೊಳ್ಳಿ.

ಆಯಿಶಾ

ಬದುಕಿರುವವಳು, ಜೀವ ತುಂಬಿದವಳು. ಬೇರು ಸ್ವಚ್ಛವಾಗಿದೆ, ಅನುಮಾನವೇ ಇಲ್ಲ. ಇದೇ ಬೇರಿನ ಐಶ್ ಅನ್ನುವ ಪದಕ್ಕೆ ಅರಬಿಯಲ್ಲಿ ಬದುಕು ಅಂತ ಅರ್ಥ. ಈಜಿಪ್ಟಿನವರು ರೊಟ್ಟಿಗೇ ಆ ಹೆಸರಿಟ್ಟಿದ್ದಾರೆ. ಉರ್ದುವಿಗೆ ಬರುವಷ್ಟರಲ್ಲಿ ಐಶ್ ಅಂದರೆ ಸುಖ, ಭೋಗ ಅಂತಾಯಿತು. ಅದರ ಜೊತೆ ಪಾರ್ಸಿಯ ಆರಾಮ್ ಸೇರಿ ಕನ್ನಡಕ್ಕೆ ಐಷಾರಾಮ ಬಂತು. ಬೆಂಗಳೂರಿನ ಐಷಾರಾಮಿ ಫ್ಲ್ಯಾಟಿನ ಜಾಹೀರಾತಿಗೂ ನಮ್ಮ ಐಸಮ್ಮನಿಗೂ ಒಂದೇ ಬೇರು ಅಂದರೆ ನಂಬುತ್ತೀರಾ?

ಹೊತ್ತವರು ಅಬೂಬಕರ್ ಅವರ ಮಗಳು, ಪ್ರವಾದಿಯವರ ಪತ್ನಿ. ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳು, ಇವರ ಮಾತಿನಿಂದಲೇ ಬಂದಿವೆ. ಓದು, ವಾದ, ನೆನಪಿನ ಶಕ್ತಿಗೆ ಹೆಸರಾದವರು. ಮಗಳು ಎದುರು ಮಾತಾಡುವವಳಾಗಲಿ ಅನ್ನುವವರಿಗೆ ಇದಕ್ಕಿಂತ ಒಳ್ಳೆ ಹೆಸರಿಲ್ಲ. ಶಿಯಾ ಮನೆಗಳಲ್ಲಿ ಮಾತ್ರ ಈ ಹೆಸರು ಅಪರೂಪ. ಇಸ್ಲಾಮಿನ ಮೊದಲ ದಿನಗಳ ರಾಜಕೀಯ ಅದಕ್ಕೆ ಕಾರಣ. ಗೌರಿಬಿದನೂರು ತಾಲೂಕಿನ ಅಲೀಪುರದಂಥ ಶಿಯಾ ಊರಿಗೆ ಸಂಬಂಧ ಇರುವವರು ಹಿರಿಯರನ್ನು ಕೇಳಿಯೇ ಮುಂದುವರಿಯಿರಿ.

ತೊಂದರೆ ಕಾಗದದ್ದು. ಕನ್ನಡದಲ್ಲೇ ಆಯಿಶಾ, ಆಯಿಷಾ, ಆಯೇಷಾ, ಐಶಾ ಅಂತ ನಾಲ್ಕು ಥರ ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಲೆಕ್ಕವೇ ಇಲ್ಲ. ಎ ಆದ ಮೇಲೆ ಐ ಬರಬೇಕಾ, ವೈ ಬರಬೇಕಾ, ನಡುವೆ ಇ ಬೇಕಾ, ಕೊನೆಗೆ ಎಚ್ ಬೇಕಾ? ಅಪ್ಪ, ಅಮ್ಮ, ಆಸ್ಪತ್ರೆ, ಶಾಲೆ ತಲೆಗೊಂದು ಥರ ಬರೆದರೆ ಹದಿನೆಂಟು ವರ್ಷ ಆದ ಮೇಲೆ ಹುಡುಗಿ ಅಫಿಡವಿಟ್ ಹಿಡಿದು ಅಲೆಯಬೇಕು. ಈ ಹೆಸರು ಇಡುವುದಾದರೆ ಒಂದು ಚೀಟಿಯಲ್ಲಿ ಸ್ಪೆಲ್ಲಿಂಗ್ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ತಮಾಷೆಗೆ ಹೇಳುತ್ತಿಲ್ಲ.

ಮರ್ಯಮ್

ಇದು ಹುಟ್ಟಿನಿಂದ ಅರಬಿ ಅಲ್ಲ. ಹೀಬ್ರೂವಿನ ಮಿರ್ಯಾಮ್ ಅರಬಿಗೆ ಬಂದು ಮರ್ಯಮ್ ಆಯಿತು, ಗ್ರೀಕಿನ ದಾರಿ ಹಿಡಿದು ಮರಿಯಾ, ಮೇರಿ ಆಯಿತು. ಅರ್ಥದ ಬಗ್ಗೆ ಪಂಡಿತರೇ ಇನ್ನೂ ಜಗಳ ಆಡುತ್ತಿದ್ದಾರೆ. ಕಹಿ ಅಂತ ಕೆಲವರು, ಪ್ರೀತಿಪಾತ್ರಳು ಅಂತ ಕೆಲವರು. ಅರ್ಥವೇ ಮುಖ್ಯ ಅನ್ನುವವರು ಇಲ್ಲಿಗೆ ಬಿಟ್ಟುಬಿಡಬಹುದು.

ಆದರೆ ಎರಡನೇ ಅಳತೆಯಲ್ಲಿ ಇದನ್ನು ಮೀರಿಸುವ ಹೆಸರಿಲ್ಲ. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿದ ಹೆಂಗಸು ಈಸಾ, ಅಂದರೆ ಯೇಸುವಿನ ತಾಯಿ ಮರ್ಯಮ್ ಒಬ್ಬರೇ. 19ನೇ ಅಧ್ಯಾಯಕ್ಕೆ ಅವರದೇ ಹೆಸರು. ನಮ್ಮ ಕಾಲಕ್ಕೆ ಬಂದರೆ ಇರಾನಿನ ಮರ್ಯಮ್ ಮಿರ್ಝಾಖಾನಿ. 2014ರಲ್ಲಿ ಗಣಿತದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಕ್ಕಳ ಹೆಸರಿನ ಪಟ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಮರ್ಯಮ್ ಮೊದಲ 100ರೊಳಗೆ ಬರುತ್ತಿದೆ.

ಕರಾವಳಿಯಲ್ಲಿ ಇದು ಮರಿಯಮ್ಮ. ಬ್ಯಾರಿ ಅಜ್ಜಿಯರಲ್ಲಿ ಹತ್ತಕ್ಕೆ ಒಬ್ಬರಾದರೂ ಮರಿಯಮ್ಮ ಇದ್ದೇ ಇರುತ್ತಾರೆ ಅಂತ ನನ್ನ ಅಂದಾಜು. ಗುಡಿಯ ಮಾರಿಯಮ್ಮನೇ ಬೇರೆ, ದೀರ್ಘ ನೋಡಿ. ಕೊಂಕಣಿ ಕ್ರೈಸ್ತರಲ್ಲಿ ಮರಿಯಾ. ಮೂರೂ ಮನೆಯವರು ತಮ್ಮದೇ ಅನ್ನುವಂತೆ ಕರೆಯುವ ಹೆಸರು. ಬೇರೆ ಬೇರೆ ಧರ್ಮದವರ ನಡುವೆ ಬೆಳೆಯುವ ಮಗುವಿಗೆ ಇದು ದೊಡ್ಡ ಅನುಕೂಲ. ಯಾರಿಗೂ ಎರಡನೇ ಸಲ ಹೇಳಿಕೊಡಬೇಕಾಗಿಲ್ಲ.

ಝೈನಬ್

ಪರಿಮಳ ಬೀರುವ ಒಂದು ಮರದ ಹೆಸರು ಅಂತ ಹಳೆಯ ಅರಬಿ ನಿಘಂಟುಗಳು ಹೇಳುತ್ತವೆ. ಅಪ್ಪನ ಒಡವೆ ಅಂತ ಬಿಡಿಸಿ ಹೇಳುವುದೂ ಉಂಟು. ಅದು ಆಮೇಲೆ ಕಟ್ಟಿದ ಅರ್ಥ ಇರಬೇಕು ಅಂತ ನನಗೆ ಅನಿಸುತ್ತದೆ, ಆದರೂ ಅಪ್ಪಂದಿರಿಗೆ ಭಾರೀ ಇಷ್ಟ. 680ರಲ್ಲಿ ಕರ್ಬಲಾದಲ್ಲಿ ಅಣ್ಣ ಹುಸೇನರನ್ನು ಕಳೆದುಕೊಂಡು, ಸೆರೆಯಾಗಿ ದಮಾಸ್ಕಸ್‌ಗೆ ಹೋಗಿ, ಆಗಿನ ಖಲೀಫ ಯಝೀದನ ದರ್ಬಾರಿನಲ್ಲಿ ಎದ್ದು ನಿಂತು ಮಾತಾಡಿದವರು ಝೈನಬ್. ಟರ್ಕಿಯಲ್ಲಿ ಇದೇ ಹೆಸರು ಝೆಯ್ನೆಪ್ ಆಗಿ ಹೆಣ್ಣುಮಕ್ಕಳ ಹೆಸರಿನ ಪಟ್ಟಿಯ ಮೇಲ್ತುದಿಯಲ್ಲಿ ಎಷ್ಟೋ ವರ್ಷ ಇತ್ತು.

ಇಷ್ಟೆಲ್ಲ ಇದ್ದೂ ಕರ್ನಾಟಕದಲ್ಲಿ ಈ ಹೆಸರು ಇಡುವ ಮೊದಲು ಎರಡು ಸಲ ಯೋಚಿಸಿ. ನನ್ನ ಚಿಕ್ಕಮ್ಮನ ಮಗಳು ಝೈನಬ್. ಶಾಲೆಗೆ ಸೇರಿಸುವಾಗ ಬರೆದುಕೊಂಡವರ ಕಿವಿಗೆ ಜೈನಾಬಿ ಅಂತ ಬಿತ್ತು. ಅದನ್ನು ಅವರು ಜೈನಾ ಬಿ ಅಂತ ಬಿಡಿಸಿ ಬರೆದರು. ಮುಂದಿನ ವರ್ಷ ಯಾರೋ ಆ ಬಿ ಇನಿಷಿಯಲ್ ಇರಬೇಕು ಅಂತ ಮುಂದಕ್ಕೆ ತಂದರು. ಏಳನೇ ಕ್ಲಾಸಿನಲ್ಲಿ ಅವಳು ಬಿ. ಜೈನಾ. ನಿಮ್ಮದು ಜೈನರಾ ಅಂತ ಕೇಳಿದವರೂ ಇದ್ದಾರೆ. ಎಸ್ಸೆಸ್ಸೆಲ್ಸಿಗೆ ಮುಂಚೆ ಅದನ್ನು ಸರಿ ಮಾಡಿಸಲು ಚಿಕ್ಕಪ್ಪ ಎಷ್ಟು ಸಲ ರಜೆ ಹಾಕಿದರೋ. ಮೊದಲ ಅಕ್ಷರವೂ ಕೊನೆಯ ಅಕ್ಷರವೂ ಎರಡೂ ಕನ್ನಡದ ಬಾಯಿಗೆ ಒಗ್ಗದ ಹೆಸರಿಗೆ ಹೀಗೆ ಆಗುತ್ತದೆ. ಮಗು ಗಲ್ಫಿನಲ್ಲೇ ಓದುತ್ತದೆ ಅನ್ನುವುದಾದರೆ ಚಿಂತೆ ಇಲ್ಲ, ಅಲ್ಲಿ ಇದು ರಾಜ ಹೆಸರು.

ಅಮೀನಾ ಅಥವಾ ಆಮಿನಾ

ಎರಡೂ ಒಂದೇ ಅಂದುಕೊಂಡಿದ್ದೀರಾ? ಅಲ್ಲ. ಬೇರು ಒಂದೇ, ಭರವಸೆ ಮತ್ತು ನೆಮ್ಮದಿಯ ಬೇರು. ಮೊದಲು ಹ್ರಸ್ವ, ನಡುವೆ ದೀರ್ಘ ಬಂದರೆ ಅಮೀನಾ: ನಂಬಿಕೆಗೆ ಅರ್ಹಳು, ಒಪ್ಪಿಸಿದ್ದನ್ನು ಕಾಯುವವಳು. ಪ್ರವಾದಿಯವರನ್ನು ಮಕ್ಕಾದ ಜನ ಅಲ್ ಅಮೀನ್ ಅಂತ ಕರೆಯುತ್ತಿದ್ದರಲ್ಲ, ಅದರ ಹೆಣ್ಣು ರೂಪ. ಮೊದಲು ದೀರ್ಘ, ನಡುವೆ ಹ್ರಸ್ವ ಬಂದರೆ ಆಮಿನಾ: ಭಯವಿಲ್ಲದೆ ನೆಮ್ಮದಿಯಾಗಿ ಇರುವವಳು. ಪ್ರವಾದಿಯವರ ತಾಯಿಯ ಹೆಸರು ಇದು. ಒಬ್ಬಳನ್ನು ಊರು ನಂಬುತ್ತದೆ, ಇನ್ನೊಬ್ಬಳು ನೆಮ್ಮದಿಯಾಗಿದ್ದಾಳೆ. ಪ್ರವಾದಿಯವರ ತಾಯಿಯ ಹೆಸರು ಅಂತ ಹೇಳಿಕೊಂಡು ಅಮೀನಾ ಅಂತ ಇಟ್ಟವರು ನನಗೆ ಗೊತ್ತಿರುವವರಲ್ಲೇ ನಾಲ್ಕು ಮಂದಿ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಸ್ಪೆಲ್ಲಿಂಗ್ ಬರೆಯುತ್ತಾರೆ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲ. ಕನ್ನಡದಲ್ಲಿ ಬರೆದ ಕೂಡಲೇ ಗೊತ್ತಾಗುತ್ತದೆ.

ಈ ಬೇರು ಕನ್ನಡಕ್ಕೆ ಬೇರೆ ದಾರಿಯಿಂದಲೂ ಬಂದಿದೆ. ಕೋರ್ಟಿನ ನೋಟಿಸು ತರುವ ಅಮೀನ, ನೌಕರರನ್ನು ಅಮಾನತು ಮಾಡುವ ಆ ಅಮಾನತು, ಎರಡೂ ಇದರ ಮಕ್ಕಳೇ. ತುಳುನಾಡಿನಲ್ಲಿ ಅಮೀನ್ ಅಂತ ಹಿಂದೂಗಳಲ್ಲೇ ಮನೆತನದ ಹೆಸರಿದೆ. ಆದ್ದರಿಂದ ಬಾಯಿಗೆ ತೊಂದರೆಯೇ ಇಲ್ಲ. ಫ ಇಲ್ಲ, ಝ ಇಲ್ಲ, ಖ ಇಲ್ಲ. ಅಂಗಡಿಯ ಕಾಮತ್ ಮಾಮನಿಂದ ಹಿಡಿದು ಬಸ್ ಕಂಡಕ್ಟರ್ ತನಕ ಎಲ್ಲರಿಗೂ ಬರುತ್ತದೆ. ಸಂದಣಿಯೂ ಹದವಾಗಿದೆ. ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ, ಎಲ್ಲಿ ನೋಡಿದರೂ ಅದೇ ಅನ್ನುವ ಹಾಗೂ ಇಲ್ಲ.

ನೂರ್

ಬೆಳಕು. ಕುರ್‌ಆನಿನ 24ನೇ ಅಧ್ಯಾಯದ ಹೆಸರೇ ನೂರ್. ಅದರ 35ನೇ ವಚನದಲ್ಲಿ ಗೂಡಿನೊಳಗಿನ ದೀಪ, ದೀಪಕ್ಕೆ ಗಾಜು, ಗಾಜು ಹೊಳೆಯುವ ನಕ್ಷತ್ರದ ಹಾಗೆ ಅಂತ ಒಂದು ಚಿತ್ರ ಬರುತ್ತದೆ. ಅದನ್ನು ಓದಿದ ಮೇಲೆ ಈ ಹೆಸರಿನ ಮೇಲೆ ಆಸೆ ಹುಟ್ಟದಿದ್ದರೆ ಹೇಳಿ.

ಹೊತ್ತವರ ಪೈಕಿ ಮೊಘಲರ ನೂರ್ ಜಹಾನ್ ಎಲ್ಲರಿಗೂ ಗೊತ್ತು, ತನ್ನ ಹೆಸರಿನಲ್ಲೇ ನಾಣ್ಯ ಹೊರಡಿಸಿದವಳು. ನನಗೆ ಹೆಚ್ಚು ಹತ್ತಿರ ಅನಿಸುವುದು ನೂರ್ ಇನಾಯತ್ ಖಾನ್. ಟಿಪ್ಪು ಸುಲ್ತಾನರ ವಂಶದವರು. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬೆಳೆದು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಗುಟ್ಟಾಗಿ ಪ್ಯಾರಿಸ್‌ಗೆ ಹೋಗಿ ವೈರ್‌ಲೆಸ್ ನಡೆಸಿದರು. ನಾಜಿಗಳ ಕೈಗೆ ಸಿಕ್ಕಿ 1944ರ ಸೆಪ್ಟೆಂಬರಿನಲ್ಲಿ ದಾಖೌ ಶಿಬಿರದಲ್ಲಿ ಸತ್ತರು. 1949ರಲ್ಲಿ ಜಾರ್ಜ್ ಕ್ರಾಸ್ ಪದಕ ಬಂತು. ಮಗಳು ದೊಡ್ಡವಳಾದಾಗ ಹೇಳಿಕೊಡಲು ಒಂದು ಕಥೆ ಸಿಗುತ್ತದೆ.

ಕನ್ನಡದಲ್ಲಿ ಮಾತ್ರ ನೂರ್ ಅನ್ನುವುದು ನೂರು ಆಗದೆ ಬಿಡುವುದಿಲ್ಲ. ಗಣಿತದ ಮೇಷ್ಟ್ರು "ನೂರು, ನಿನಗೆ ನೂರಕ್ಕೆ ಎಷ್ಟು?" ಅಂತ ಒಮ್ಮೆಯಾದರೂ ಕೇಳುತ್ತಾರೆ. ತಡೆದುಕೊಳ್ಳಬಹುದಾದ ಹಾಸ್ಯ ಅಂತ ನನ್ನ ಲೆಕ್ಕ. ಇದು ಗಂಡುಮಕ್ಕಳ ಹೆಸರೂ ಹೌದು, ನೂರ್ ಅಹಮದ್ ಅಂತೆಲ್ಲ ಇಡುತ್ತಾರೆ. ಹೆಣ್ಣು ಅಂತ ಕೇಳಿದ ಕೂಡಲೇ ತಿಳಿಯಬೇಕು ಅನ್ನುವವರು ನೂರಾ ಅಂತ ದೀರ್ಘ ಮಾಡುತ್ತಾರೆ, ಅದೂ ಅರಬರಲ್ಲಿ ಚಾಲ್ತಿಯಲ್ಲಿದೆ. ಹಿಂದೆ ನೂರುನ್ನಿಸಾ ಅಂತ ಇಡುತ್ತಿದ್ದರು, ಹೆಂಗಸರ ಬೆಳಕು ಅಂತ. ಉನ್ನಿಸಾ ಬಾಲದ ಹೆಸರುಗಳು ಈಗ ಅಜ್ಜಿಯರ ಜೊತೆಗೇ ಹೋಗುತ್ತಿವೆ.

ಬಾಲದ ಮಾತು ಬಂತಲ್ಲ, ಬಾನು, ಬೇಗಂ, ಬೀಬಿ ಇವು ಯಾವುವೂ ಅರಬಿ ಅಲ್ಲ. ಬಾನು ಪಾರ್ಸಿ, ಮಹಿಳೆ ಅಂತ ಅರ್ಥ. ಆದರೆ ಕನ್ನಡದಲ್ಲಿ ಅದು ಆಕಾಶ! 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ಹಳೆಯದಾಯಿತು ಅಂತ ಬದಿಗಿಟ್ಟಿದ್ದ ಆ ಬಾಲವನ್ನು ನನ್ನ ಗೆಳತಿಯೊಬ್ಬಳು ಮಗಳಿಗೆ ಖುಷಿಯಿಂದ ಸೇರಿಸಿಕೊಂಡಳು. ನೂರ್ ಬಾನು. ಪಾರ್ಸಿ ಕಿವಿಗೆ ಒಂದು ಥರ ಚೆಂದ, ಕನ್ನಡ ಕಿವಿಗೆ ಇನ್ನೊಂದು ಥರ.

ಲೈಲಾ, ಇನಾಯಾ, ಆಲಿಯಾ

ಲೈಲಾ ಇರುಳಿನ ಹೆಸರು. ರಂಜಾನಿನಲ್ಲಿ ಕೇಳುವ ಲೈಲತುಲ್ ಖದ್ರ್‌ನ ಲೈಲ ಕೂಡ ಇರುಳೇ. ಏಳನೇ ಶತಮಾನದ ಅರಬ್ ಕವಿ ಖೈಸ್ ಅವಳಿಗಾಗಿ ಹುಚ್ಚನಾದ, ಮಜ್ನೂನ್ ಅನಿಸಿಕೊಂಡ ಅನ್ನುವ ಕಥೆ ಪಾರ್ಸಿಗೆ ಹೋಗಿ ಜಗತ್ತನ್ನೇ ಸುತ್ತಿತು. 1970ರ ಒಂದು ಇಂಗ್ಲಿಷ್ ರಾಕ್ ಹಾಡಿನ ಮೇಲೆ 70ರ ದಶಕದಲ್ಲಿ ಅಮೆರಿಕದವರೂ ಮಕ್ಕಳಿಗೆ ಇಡತೊಡಗಿದರು. ಹೊರದೇಶದಲ್ಲಿ ಬೆಳೆಯುವ ಮಗುವಿಗೆ ತುಂಬ ಸಲೀಸು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಮಜ್ನು ಎಲ್ಲಿ ಅಂತ ಕೇಳುವ ಪೋಲಿಗಳು ಇನ್ನೂ ಇದ್ದಾರೆ, ಮಾರಾಯ್ರೆ. ನಾನಾದರೆ ಇಲ್ಲಿ ಇಡುವುದಿಲ್ಲ.

ಇನಾಯಾ ಈಗಿನ ಹವಾ. ಕಾಳಜಿ, ಆರೈಕೆ ಅಂತ ಅರ್ಥ. ಇನಾಯತ್ ಅನ್ನುವುದೂ ಅದೇ ಪದ, ಮೇಲೆ ಹೇಳಿದ ತ ಉಳಿಸಿಕೊಂಡದ್ದು. ಬೇರು ಗಟ್ಟಿ, ಬಾಯಿಗೆ ಸುಲಭ. ಆದರೆ ಹವಾ ಅಂದರೆ ಹವಾನೇ. ಇನ್ನು ಐದು ವರ್ಷಕ್ಕೆ ಯುಕೆಜಿಯಲ್ಲಿ ಇದೇ ಹೊಸ ಫಾತಿಮಾ.

ಆಲಿಯಾ ಎತ್ತರದವಳು, ಮೇಲಿನ ಸ್ಥಾನದವಳು. ಅರಬಿಯಲ್ಲಿ ಇದು ಗಂಟಲಿನ ಆಳದಿಂದ ಬರುವ ಐನ್ ಅಕ್ಷರದಿಂದ ಶುರುವಾಗಬೇಕು. ಆ ಅಕ್ಷರ ಕನ್ನಡದಲ್ಲೂ ಇಲ್ಲ, ಇಂಗ್ಲಿಷ್‌ನಲ್ಲೂ ಇಲ್ಲ. ಗಲ್ಫಿನಲ್ಲಿ ಅರಬಿಯಲ್ಲಿ ಬರೆಸುವಾಗ ಐನ್ ಬದಲು ಅಲಿಫ್ ಹಾಕಿಬಿಟ್ಟರೆ ಯಂತ್ರ, ವಾಹನ ಅಂತ ಅರ್ಥ ಬರುತ್ತದೆ. ಮಗಳನ್ನು ಮಿಲಿಟರಿ ಗಾಡಿ ಮಾಡಬೇಡಿ. ಕಾರ್ಡಿಗೆ ಕೊಡುವ ಮುಂಚೆ ಗೊತ್ತಿರುವವರಿಂದ ಅರಬಿಯಲ್ಲಿ ಬರೆಸಿಕೊಳ್ಳಿ.

ಯಾರಿಗೆ ಯಾವುದು

ಮಗು ಊರಲ್ಲೇ, ಕನ್ನಡ ಶಾಲೆಯಲ್ಲಿ ಬೆಳೆಯುತ್ತದೆ ಅಂದರೆ ಆಮಿನಾ, ಮರ್ಯಮ್, ಹಿಬಾ ಕಣ್ಣು ಮುಚ್ಚಿ ಇಡಬಹುದು. ಗಲ್ಫಿಗೂ ಊರಿಗೂ ಓಡಾಡುವ ಕುಟುಂಬಕ್ಕೆ ನೂರ್, ಮರ್ಯಮ್ ಅತ್ತಲೂ ಇತ್ತಲೂ ನಡೆಯುತ್ತವೆ. ಅಮೆರಿಕ, ಇಂಗ್ಲೆಂಡಿನವರಿಗೆ ಲೈಲಾ, ಮರ್ಯಮ್. ಹಿರಿಯರ ಮನಸ್ಸು ನೋಯಿಸುವ ಹಾಗಿಲ್ಲ ಅನ್ನುವವರು ಫಾತಿಮಾ ಅಥವಾ ಆಯಿಶಾಳನ್ನು ಎರಡನೇ ಪದವಾಗಿ ಇಟ್ಟುಕೊಳ್ಳಿ. ಎರಡು ಪದ ಇರುವುದು ಬೇರೆ ಕಾರಣಕ್ಕೂ ಒಳ್ಳೆಯದು. 2022ರ ನವೆಂಬರಿನಲ್ಲಿ ಯುಎಇ ಒಂದೇ ಪದದ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾ ಇಲ್ಲ ಅಂತ ನಿಯಮ ತಂದಾಗ ಎಷ್ಟು ಮನೆಗಳಲ್ಲಿ ಗಾಬರಿ ಆಯಿತು ಅಂತ ಗಲ್ಫಿನವರಿಗೆ ನೆನಪಿರುತ್ತದೆ.

ಕೈಯಲ್ಲಿ ದುಡ್ಡು, ಸಮಯ ಎರಡೂ ಕಡಿಮೆ ಇರುವವರಿಗೆ ಒಂದು ಮಾತು. ಹೆಸರಿಡಲು ಕಾಸು ಬೇಡ, ಬದಲಿಸಲು ಬೇಕು. ಅಫಿಡವಿಟ್, ಪೇಪರ್ ಜಾಹೀರಾತು, ಗೆಜೆಟ್, ಪ್ರತಿಯೊಂದಕ್ಕೂ ಖರ್ಚು, ಓಡಾಟ. ಹಾಗಾಗಿ ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದ ತನಕ ತಡದ ಶುಲ್ಕ ಕಟ್ಟಿ. ಏಳನೇ ದಿನ ಕಿವಿಯಲ್ಲಿ ಹೇಳಿದ ಹೆಸರನ್ನು ಎರಡು ತಿಂಗಳು ಕರೆದು ನೋಡಿ, ಒಗ್ಗಿತು ಅನಿಸಿದ ಮೇಲೆ ಕಾಗದಕ್ಕೆ ಹಾಕಿ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣ ಪತ್ರ ಒಂದೇ ದಾಖಲೆ. ಅದರಲ್ಲಿರುವ ಹೆಸರಿನ ಒಂದೊಂದು ಅಕ್ಷರವೂ ಮುಂದೆ ಎಲ್ಲದಕ್ಕೂ ಆಧಾರ.

ನಮ್ಮ ಮನೆಯಲ್ಲಿ ಕೊನೆಗೆ ಆಮಿನಾ ಅಂತಾಯಿತು. ತಮ್ಮನ ಹೆಂಡತಿಯೇ ಆರಿಸಿದಳು. ಹೆಸರು ಸೇರಿಸಲು ಹೋದಾಗ ನಾನೂ ಜೊತೆಗಿದ್ದೆ. ಕಂಪ್ಯೂಟರ್ ಮುಂದೆ ಕೂತ ಹುಡುಗ ಕನ್ನಡದ ಖಾನೆಯಲ್ಲಿ ಸರಿಯಾಗಿ ದೀರ್ಘ ಹಾಕಿದ. ಇಂಗ್ಲಿಷ್ ಖಾನೆಗೆ ಬಂದು ಬೆರಳು ನಿಲ್ಲಿಸಿದ. "ಸಿಂಗಲ್ ಎ ಹಾಕೋದಾ ಅಕ್ಕ, ಡಬಲ್ಲಾ?" ಡಬಲ್ ಅಂದೆ. ಪ್ರಿಂಟ್ ಬಂದ ಮೇಲೆ ಅಲ್ಲೇ ನಿಂತು ಮೂರು ಸಲ ಓದಿದೆವು.

ಮನೆಗೆ ಬಂದು ತೋರಿಸಿದರೆ ಉಮ್ಮ ಕನ್ನಡಕ ಹಾಕಿಕೊಂಡು ನೋಡಿದರು, ಒಳ್ಳೆಯದಾಯಿತು ಅಂದರು. ಆಮೇಲೆ ತೊಟ್ಟಿಲ ಕಡೆ ತಿರುಗಿ, "ಎಂಥ ಪಾತೂ, ಎದ್ದೆಯಾ?"